ಈ ಪ್ರಶ್ನೆಗೆ ಅಲ್ಗಾರಿದಮ್ ಇದೆಯೇ? ಆಟೊಮೆಟಾ ಭಾಷೆಗಳ ನಿರ್ಣೇಯತೆಯನ್ನು ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಗೇಟ್ ಪರೀಕ್ಷೆಗೆ ಓದುವವರ ನೋಟ್‌ಬುಕ್ಕಿನಲ್ಲಿ ಒಂದು ಕೋಷ್ಟಕ ಇದ್ದೇ ಇರುತ್ತದೆ. ಮೇಲ್ಸಾಲಿನಲ್ಲಿ ಯಂತ್ರಗಳು, ಎಡಗಡೆ ಪ್ರಶ್ನೆಗಳು, ಮಧ್ಯದ ಮನೆಗಳಲ್ಲಿ ಹೌದು ಅಥವಾ ಇಲ್ಲ. ನಾನೂ ವಿದ್ಯಾರ್ಥಿಯಾಗಿದ್ದಾಗ ಅದನ್ನು ಉರುಹೊಡೆದವನೇ. ಪ್ರಶ್ನೆಯನ್ನು ಸ್ವಲ್ಪ ತಿರುಚಿ ಕೇಳಿದ ದಿನ ಕೋಷ್ಟಕ ಕೈಕೊಟ್ಟಿತು. ಆಮೇಲೆ ತಿಳಿದದ್ದೇನೆಂದರೆ, ಆ ಕೋಷ್ಟಕದ ಒಂದೊಂದು ಮನೆಯನ್ನೂ ನಾವೇ ಐದು ನಿಮಿಷದಲ್ಲಿ ಕಟ್ಟಿಕೊಳ್ಳಬಹುದು. ಅದಕ್ಕೆ ಬೇಕಾದ ಉಪಕರಣಗಳು ಬೆರಳೆಣಿಕೆಯಷ್ಟು. ಅವನ್ನು ಯಾವ ಕ್ರಮದಲ್ಲಿ ಕೈಗೆತ್ತಿಕೊಳ್ಳಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಡಿಎಫ್‌ಎ, ಎನ್‌ಎಫ್‌ಎ, ಸಂದರ್ಭಮುಕ್ತ ವ್ಯಾಕರಣ, ಟ್ಯೂರಿಂಗ್ ಯಂತ್ರ ಎಂದರೇನು ಎಂಬಷ್ಟು ನಿಮಗೆ ಗೊತ್ತಿದೆ ಎಂದುಕೊಳ್ಳುತ್ತೇನೆ. ತರಗತಿಯಲ್ಲಿ ಡಿಸೈಡಬಲ್, ಅನ್‌ಡಿಸೈಡಬಲ್ ಎನ್ನುವುದನ್ನು ನಿರ್ಣೇಯ, ಅನಿರ್ಣೇಯ ಎಂದು ಬರೆಯುತ್ತೇನೆ.

ಹಂತ 1: ಏನನ್ನು ಕೊಟ್ಟಿದ್ದಾರೆ, ಏನನ್ನು ಕೇಳಿದ್ದಾರೆ?

ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬಿಡಿಸಿ ಬರೆಯಿರಿ. ಮೊದಲ ಸಾಲು: ಕೈಗೆ ಬರುವ ಮಾಹಿತಿ ಏನು? ಎರಡನೆಯ ಸಾಲು: ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕಾದದ್ದು ಏನು? ಉದಾಹರಣೆಗೆ, ‘ಕೊಟ್ಟದ್ದು: ಎರಡು ಡಿಎಫ್‌ಎ. ಕೇಳಿದ್ದು: ಎರಡೂ ಒಂದೇ ಭಾಷೆಯನ್ನು ಒಪ್ಪುತ್ತವೆಯೇ?’

ಈ ಸಣ್ಣ ಕೆಲಸವನ್ನು ಬಿಟ್ಟವರು ಬೀಳುವ ಹೊಂಡ ಒಂದಿದೆ. ನಿರ್ಣೇಯ ಎಂಬ ಮಾತಿಗೆ ಅರ್ಥ ಬರುವುದು, ಮಾಹಿತಿ ಬದಲಾಗುತ್ತ ಹೋದಾಗ ಪ್ರತಿ ಬಾರಿಯೂ ಸರಿಯುತ್ತರ ಕೊಟ್ಟು ನಿಲ್ಲುವ ಒಂದೇ ಅಲ್ಗಾರಿದಮ್ ಇದೆಯೇ ಎಂದು ಕೇಳಿದಾಗ. ಮಾಹಿತಿ ಬದಲಾಗುವುದೇ ಇಲ್ಲವಾದರೆ ಪ್ರಶ್ನೆ ಎಷ್ಟೇ ಕಠಿಣವಾಗಿದ್ದರೂ ನಿರ್ಣೇಯವೇ. 2ಕ್ಕಿಂತ ದೊಡ್ಡದಾದ ಪ್ರತಿಯೊಂದು ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವೇ ಎಂಬುದು 1742ರಿಂದ ಗಣಿತಜ್ಞರನ್ನು ಕಾಡುತ್ತಿರುವ ಗೋಲ್ಡ್‌ಬಾಕ್ ಊಹೆ. ಆದರೆ ನಮ್ಮ ಅರ್ಥದಲ್ಲಿ ಅದು ನಿರ್ಣೇಯ! ‘ಹೌದು’ ಎಂದು ಮುದ್ರಿಸುವ ಒಂದು ಪ್ರೋಗ್ರಾಂ, ‘ಇಲ್ಲ’ ಎಂದು ಮುದ್ರಿಸುವ ಇನ್ನೊಂದು ಪ್ರೋಗ್ರಾಂ ಬರೆದಿಡಿ. ಎರಡರಲ್ಲಿ ಒಂದು ಸರಿ. ಯಾವುದು ಸರಿ ಎಂಬುದು ಬೇರೆ ಮಾತು. ಪರೀಕ್ಷೆಯಲ್ಲಿ ಈ ಬಗೆಯ ಪ್ರಶ್ನೆ ಕಂಡರೆ ಹೆದರಬೇಡಿ, ನಕ್ಕು ಮುಂದೆ ಹೋಗಿ.

ಹಂತ 2: ಯಂತ್ರ ಯಾವ ಮಟ್ಟದ್ದು?

ಭಾಷಾವಿಜ್ಞಾನಿ ಚಾಮ್‌ಸ್ಕಿ 1956ರಲ್ಲಿ ಹಾಕಿಕೊಟ್ಟ ಭಾಷೆಗಳ ಏಣಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಳಗಿನ ಮೆಟ್ಟಿಲಿನಲ್ಲಿ ಡಿಎಫ್‌ಎಗಳು ಒಪ್ಪುವ ರೆಗ್ಯುಲರ್ ಭಾಷೆಗಳು; ಇಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳೆಲ್ಲ ನಿರ್ಣೇಯ. ರೇಬಿನ್ ಮತ್ತು ಸ್ಕಾಟ್ 1959ರ ಲೇಖನದಲ್ಲೇ ಇದರ ಬಹುಭಾಗವನ್ನು ಮುಗಿಸಿಬಿಟ್ಟರು. ತುತ್ತತುದಿಯಲ್ಲಿ ಟ್ಯೂರಿಂಗ್ ಯಂತ್ರಗಳು. ಅಲ್ಲಿ ಭಾಷೆಯ ಬಗ್ಗೆ ಏನು ಕೇಳಿದರೂ ಬಹುತೇಕ ಅನಿರ್ಣೇಯ. ನಿಜವಾದ ತಲೆಬಿಸಿ ನಡುವಿನ ಮೆಟ್ಟಿಲುಗಳಲ್ಲಿ, ಅದರಲ್ಲೂ ಸಂದರ್ಭಮುಕ್ತ ವ್ಯಾಕರಣಗಳಲ್ಲಿ. ಅಲ್ಲಿ ‘ಭಾಷೆ ಖಾಲಿಯೇ?’ ಎಂಬುದು ಸಲೀಸು, ‘ಎಲ್ಲ ಸ್ಟ್ರಿಂಗ್‌ಗಳೂ ಭಾಷೆಯಲ್ಲಿವೆಯೇ?’ ಎಂಬುದು ಅಸಾಧ್ಯ. ಹಾಗಾಗಿ ಮಟ್ಟ ತಿಳಿದ ಕೂಡಲೇ ಉತ್ತರ ಬರೆಯಬೇಡಿ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತಾದೀತು.

ಹಂತ 3: ಮೊದಲು ಅಲ್ಗಾರಿದಮ್ ಕಟ್ಟಲು ನೋಡಿ

ಇಲ್ಲಿ ಎರಡೇ ಉಪಾಯಗಳು. ಒಂದು, ಕೇಳಿದ ಪ್ರಶ್ನೆಯನ್ನು ‘ಭಾಷೆ ಖಾಲಿಯೇ?’ ಎಂಬ ಪ್ರಶ್ನೆಯಾಗಿ ಮಾರ್ಪಡಿಸುವುದು. ಇನ್ನೊಂದು, ಹುಡುಕಾಟಕ್ಕೆ ಒಂದು ಗಡಿ ಕಟ್ಟುವುದು.

ಮೊದಲನೆಯದನ್ನು ಕೈಯಲ್ಲೇ ಮಾಡಿ ನೋಡೋಣ. ‘ಅ’ ಎಂಬ ಡಿಎಫ್‌ಎ ದ್ವಿಮಾನ ಸಂಖ್ಯೆಯನ್ನು ಎಡದಿಂದ ಓದುತ್ತ, 3ರಿಂದ ಭಾಗಿಸಿದಾಗ ಬರುವ ಶೇಷವನ್ನು ನೆನಪಿಡುತ್ತದೆ. ಸ್ಥಿತಿಗಳು ಮೂರು: 0, 1, 2. ಶೇಷ 0 ಆದರೆ ಒಪ್ಪಿಗೆ. ‘ಬ’ ಎಂಬ ಇನ್ನೊಂದು ಡಿಎಫ್‌ಎ ಬೇರೆಯೇ ಲೆಕ್ಕ ಹಾಕುತ್ತದೆ: ಮೊದಲ ಸ್ಥಾನದಲ್ಲಿ 1 ಬಂದರೆ ಒಂದು ಕೂಡು, ಎರಡನೆಯ ಸ್ಥಾನದಲ್ಲಿ ಬಂದರೆ ಒಂದು ಕಳೆ, ಮೂರನೆಯದರಲ್ಲಿ ಕೂಡು, ಹೀಗೆ. 0 ಬಂದರೆ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಈ ಮೊತ್ತವನ್ನೂ 3ರ ಶೇಷದಲ್ಲೇ ಇಟ್ಟುಕೊಳ್ಳುತ್ತದೆ. ಮುಂದಿನ ಸರದಿ ಕೂಡುವುದೋ ಕಳೆಯುವುದೋ ಎಂಬುದನ್ನೂ ನೆನಪಿಡಬೇಕಾದ್ದರಿಂದ ಸ್ಥಿತಿಗಳು ಆರು. ಮೊತ್ತ 0 ಆದರೆ ಒಪ್ಪಿಗೆ. ಎರಡೂ ಒಂದೇ ಭಾಷೆಯೇ?

ಎರಡು ಯಂತ್ರಗಳನ್ನೂ ಜೊತೆಯಾಗಿ ಓಡಿಸಿ, ಸ್ಥಿತಿಗಳ ಜೋಡಿಯನ್ನು ಬರೆದುಕೊಳ್ಳುತ್ತ ಹೋಗಿ. ಆರಂಭದಲ್ಲಿ ಅ 0ಯಲ್ಲಿ, ಬ ‘0, ಕೂಡು’ ಸ್ಥಿತಿಯಲ್ಲಿ. 1 ಓದಿದರೆ ಅ 1ಕ್ಕೆ, ಬ ‘1, ಕಳೆ’ಗೆ. ಅಲ್ಲಿಂದ 0 ಓದಿದರೆ ಅ 2ಕ್ಕೆ, ಬ ‘1, ಕೂಡು’ವಿಗೆ. ಅಲ್ಲಿಂದ 1 ಓದಿದರೆ ಅ 2ರಲ್ಲೇ ಉಳಿಯುತ್ತದೆ, ಬ ‘2, ಕಳೆ’ಗೆ. ಅಲ್ಲಿಂದ 0 ಓದಿದರೆ ಅ 1ಕ್ಕೆ, ಬ ‘2, ಕೂಡು’ವಿಗೆ. ಅಲ್ಲಿಂದ 1 ಓದಿದರೆ ಅ 0ಗೆ, ಬ ‘0, ಕಳೆ’ಗೆ. ಉಳಿದ ಬಾಣಗಳನ್ನೆಲ್ಲ ಎಳೆದು ನೋಡಿ, ಹೊಸ ಜೋಡಿ ಹುಟ್ಟುವುದಿಲ್ಲ. ಮೂರು ಆರಲಿ ಹದಿನೆಂಟು ಜೋಡಿಗಳು ಸಾಧ್ಯವಿದ್ದರೂ ತಲುಪಲು ಆಗುವುದು ಆರು ಮಾತ್ರ. ಆ ಆರರಲ್ಲಿ ಒಂದು ಯಂತ್ರ ಒಪ್ಪಿ ಇನ್ನೊಂದು ತಿರಸ್ಕರಿಸುವ ಜೋಡಿ ಒಂದೂ ಇಲ್ಲ. ಆದ್ದರಿಂದ ಎರಡೂ ಸಮ. 2ನ್ನು 3ರಿಂದ ಭಾಗಿಸುವಾಗ ಅದು −1ರಂತೆ ವರ್ತಿಸುತ್ತದೆ ಎಂಬ ಅಂಕಗಣಿತದ ಸತ್ಯವನ್ನು ತಿಳಿಯದೆಯೇ ಸಮತೆಯನ್ನು ಸಾಧಿಸಿದೆವು. ಅಲ್ಗಾರಿದಮ್ ಎಂದರೆ ಇದೇ ಅಲ್ಲವೇ? ಜಾಣತನ ಬೇಡ, ಬಾಣ ಎಳೆಯುವ ತಾಳ್ಮೆ ಸಾಕು.

ಇಲ್ಲಿ ನಡೆದದ್ದೇನು? ‘ಸಮವೇ?’ ಎಂಬುದನ್ನು ‘ಇಬ್ಬರೂ ಜಗಳವಾಡುವ ಸ್ಟ್ರಿಂಗ್‌ಗಳ ಭಾಷೆ ಖಾಲಿಯೇ?’ ಎಂದು ಬದಲಿಸಿದೆವು. ಇದು ನಡೆದದ್ದು ರೆಗ್ಯುಲರ್ ಭಾಷೆಗಳಿಗೆ ಪೂರಕ, ಸಂಯೋಗ, ಛೇದನ ಮೂರನ್ನೂ ಕಟ್ಟಿಕೊಡಬಹುದಾದ್ದರಿಂದ. ಎನ್‌ಎಫ್‌ಎ ಕೊಟ್ಟಿದ್ದರೆ ಮೊದಲು ಡಿಎಫ್‌ಎ ಮಾಡಿಕೊಳ್ಳಬೇಕು. 20 ಸ್ಥಿತಿಗಳ ಎನ್‌ಎಫ್‌ಎ 10,48,576 ಸ್ಥಿತಿಗಳವರೆಗೆ ಉಬ್ಬಬಹುದು. ಉಬ್ಬಲಿ, ನಿಮ್ಮ ಉತ್ತರ ಬದಲಾಗುವುದಿಲ್ಲ. ನಿರ್ಣೇಯ ಎಂದರೆ ಬೇಗ ಮುಗಿಯುತ್ತದೆ ಎಂದಲ್ಲ, ಮುಗಿಯುತ್ತದೆ ಎಂದಷ್ಟೇ.

ಸಂದರ್ಭಮುಕ್ತ ವ್ಯಾಕರಣ ಖಾಲಿಯೇ ಎಂದು ನೋಡಲು ಗುರುತು ಹಾಕುವ ವಿಧಾನ ಸಾಕು. ಈ ವ್ಯಾಕರಣವನ್ನು ತೆಗೆದುಕೊಳ್ಳಿ:

ಸ → ಪ ತ
ಸ → ಚ
ಪ → 0 ಪ
ಪ → 0
ತ → 1 ತ
ಚ → ಚ 0

ಬಲಗಡೆ ಬರೀ ಅಂಕೆಗಳಿರುವ ನಿಯಮ ಯಾವುದು? ಪ → 0. ಆದ್ದರಿಂದ ‘ಪ’ಕ್ಕೆ ಗುರುತು. ಇನ್ನು ಬಲಗಡೆಯಲ್ಲಿ ಅಂಕೆಗಳು ಮತ್ತು ಗುರುತು ಬಿದ್ದ ಅಕ್ಷರಗಳಷ್ಟೇ ಇರುವ ನಿಯಮಗಳನ್ನು ಹುಡುಕಿ. ‘ತ’ ತನ್ನನ್ನೇ ಕಾಯುತ್ತಿದೆ, ‘ಚ’ವೂ ಹಾಗೆಯೇ, ‘ಸ’ ಅವರಿಬ್ಬರನ್ನು ಕಾಯುತ್ತಿದೆ. ಹೊಸ ಗುರುತು ಬೀಳುವುದಿಲ್ಲ, ಆರಂಭದ ‘ಸ’ಕ್ಕೂ ಬಿದ್ದಿಲ್ಲ. ಭಾಷೆ ಖಾಲಿ. ತ → 1 ಎಂಬ ಒಂದು ನಿಯಮ ಸೇರಿಸಿದರೆ ಸಾಕು, ಗುರುತು ಸರಸರನೆ ‘ಸ’ದವರೆಗೂ ಓಡುತ್ತದೆ.

ಗಡಿ ಕಟ್ಟುವ ಉಪಾಯಕ್ಕೆ ಒಳ್ಳೆಯ ಉದಾಹರಣೆ ಎಲ್‌ಬಿಎ, ಅಂದರೆ ಕೊಟ್ಟ ಸ್ಟ್ರಿಂಗಿನಷ್ಟೇ ಉದ್ದದ ಟೇಪ್ ಇರುವ ಟ್ಯೂರಿಂಗ್ ಯಂತ್ರ. 5 ಸ್ಥಿತಿಗಳು, 3 ಟೇಪ್ ಚಿಹ್ನೆಗಳು, 10 ಉದ್ದದ ಸ್ಟ್ರಿಂಗ್ ಎಂದುಕೊಳ್ಳಿ. ಯಂತ್ರ ಇರಬಹುದಾದ ಒಟ್ಟು ಅವಸ್ಥೆಗಳು 5 × 10 × 59,049, ಅಂದರೆ 29,52,450. ಅಷ್ಟು ಹೆಜ್ಜೆ ನಡೆದ ಮೇಲೂ ಯಂತ್ರ ನಿಲ್ಲಲಿಲ್ಲ ಎಂದರೆ ಅದು ಹಳೆಯ ಅವಸ್ಥೆಗೇ ಮರಳಿದೆ. ಇನ್ನು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಆದ್ದರಿಂದ ‘ಈ ಸ್ಟ್ರಿಂಗನ್ನು ಒಪ್ಪುತ್ತದೆಯೇ?’ ಎಂಬುದು ನಿರ್ಣೇಯ. ಅದೇ ಎಲ್‌ಬಿಎಯ ಭಾಷೆ ಖಾಲಿಯೇ ಎಂಬುದು ಮಾತ್ರ ಅನಿರ್ಣೇಯ, ಏಕೆಂದರೆ ಎಷ್ಟು ಉದ್ದದ ಸ್ಟ್ರಿಂಗ್‌ವರೆಗೆ ಹುಡುಕಿದರೆ ಸಾಕು ಎಂದು ಲೆಕ್ಕಹಾಕಿ ಹೇಳುವ ಗಡಿ ಅಲ್ಲಿಲ್ಲ.

ಹಂತ 4: ಅರ್ಧ ಅಲ್ಗಾರಿದಮ್ ಸಿಕ್ಕಿದರೆ ಎಚ್ಚರ

ಅಲ್ಗಾರಿದಮ್ ಕಟ್ಟಲು ಹೋದಾಗ ‘ಹೌದು ಎಂದಾದರೆ ಎಂದಾದರೊಂದು ದಿನ ಗೊತ್ತಾಗುತ್ತದೆ, ಇಲ್ಲ ಎಂದಾದರೆ ಕಾಯುತ್ತಲೇ ಇರಬೇಕು’ ಎಂಬ ಪರಿಸ್ಥಿತಿ ಎದುರಾದರೆ ಅದು ಮುನ್ಸೂಚನೆ. ಕೆಲಸ ಆದರೆ ಕರೆದು ಹೇಳುವ, ಆಗುವುದಿಲ್ಲ ಎಂಬುದನ್ನು ಮಾತ್ರ ಎಂದೂ ಬಾಯಿಬಿಟ್ಟು ಹೇಳದ ಗುಮಾಸ್ತನ ಮುಂದೆ ಕುಳಿತಂತೆ. ಎರಡು ಸಂದರ್ಭಮುಕ್ತ ವ್ಯಾಕರಣಗಳು ಬೇರೆ ಬೇರೆಯೇ ಎಂದು ತಿಳಿಯಲು ಸ್ಟ್ರಿಂಗ್‌ಗಳನ್ನು ಉದ್ದದ ಕ್ರಮದಲ್ಲಿ ಒಂದೊಂದಾಗಿ ಎರಡರಲ್ಲೂ ಪರೀಕ್ಷಿಸಬಹುದು. ಒಂದು ಸ್ಟ್ರಿಂಗನ್ನು ಪರೀಕ್ಷಿಸಲು ಸಿವೈಕೆ ವಿಧಾನವಿದೆ. ವ್ಯತ್ಯಾಸ ಇದ್ದರೆ ಸಿಕ್ಕೇ ಸಿಗುತ್ತದೆ. ಇಲ್ಲದಿದ್ದರೆ ಹುಡುಕಾಟ ಮುಗಿಯುವುದಿಲ್ಲ. ಒಂದು ಪ್ರಶ್ನೆಗೂ ಅದರ ವಿರುದ್ಧ ಪ್ರಶ್ನೆಗೂ ಇಂಥ ಅರ್ಧ ಅಲ್ಗಾರಿದಮ್ ಇದ್ದರೆ ಎರಡನ್ನೂ ಸರದಿಯಂತೆ ಓಡಿಸಿ ಪೂರ್ತಿ ಅಲ್ಗಾರಿದಮ್ ಪಡೆಯಬಹುದು. ಇನ್ನೊಂದು ಅರ್ಧ ಎಷ್ಟು ಹುಡುಕಿದರೂ ಸಿಗದಿದ್ದರೆ ಪಕ್ಷ ಬದಲಿಸುವ ಸಮಯ ಬಂದಿದೆ.

ಹಂತ 5: ರಿಡಕ್ಷನ್, ಮತ್ತು ಅದರ ದಿಕ್ಕು

ಒಂದು ಪ್ರಶ್ನೆಯನ್ನು ಇನ್ನೊಂದು ಪ್ರಶ್ನೆಯಾಗಿ ಬದಲಾಯಿಸುವುದೇ ರಿಡಕ್ಷನ್. ಅನಿರ್ಣೇಯ ಎಂದು ಸಾಧಿಸಲು ಮೊದಲೇ ಅನಿರ್ಣೇಯ ಎಂದು ಗೊತ್ತಿರುವ ಒಂದು ಪ್ರಶ್ನೆ ಬೇಕು. ಎಲ್ಲರೂ ಹಿಡಿಯುವುದು ಹಾಲ್ಟಿಂಗ್ ಪ್ರಶ್ನೆಯನ್ನು: ಈ ಯಂತ್ರ ಈ ಸ್ಟ್ರಿಂಗಿನ ಮೇಲೆ ನಿಲ್ಲುತ್ತದೆಯೇ? ಟ್ಯೂರಿಂಗ್ 1936ರಲ್ಲಿ ಬರೆದ ಲೇಖನದಲ್ಲಿ ಈ ಹೆಸರಿಲ್ಲ, ಹೆಸರು ಆಮೇಲೆ ಬಂದದ್ದು. ವಾದ ಇಷ್ಟು: ಉತ್ತರ ಹೇಳುವ ಪ್ರೋಗ್ರಾಂ ಇದೆ ಎಂದರೆ, ಅದು ‘ನಿಲ್ಲುತ್ತದೆ’ ಎಂದಾಗ ನಿಲ್ಲದೆ ಓಡುವ, ‘ನಿಲ್ಲುವುದಿಲ್ಲ’ ಎಂದಾಗ ನಿಲ್ಲುವ ತಂಟೆಕೋರ ಪ್ರೋಗ್ರಾಂ ಒಂದನ್ನು ಬರೆಯಬಹುದು. ಅದಕ್ಕೆ ಅದರದೇ ಪಠ್ಯವನ್ನು ಕೊಟ್ಟರೆ ಯಾವ ಉತ್ತರವೂ ಸುಳ್ಳಾಗುತ್ತದೆ.

ಈಗ ದಿಕ್ಕು. ಮೌಲ್ಯಮಾಪನದಲ್ಲಿ ನಾನು ಕಂಡ ತಪ್ಪುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ‘ನನ್ನ ಪ್ರಶ್ನೆಯನ್ನು ಹಾಲ್ಟಿಂಗ್ ಪ್ರಶ್ನೆಗೆ ಬದಲಾಯಿಸಿದೆ, ಆದ್ದರಿಂದ ನನ್ನ ಪ್ರಶ್ನೆ ಅನಿರ್ಣೇಯ’ ಎಂದು ಬರೆಯುತ್ತಾರೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಎರಡಕ್ಕೆ ಎರಡು ಕೂಡಿಸುವ ಪ್ರಶ್ನೆಯನ್ನೂ ಹಾಗೆ ಬದಲಾಯಿಸಬಹುದು. ಬರೆಯಬೇಕಾದದ್ದು ಹೀಗೆ: ‘ನನ್ನ ಪ್ರಶ್ನೆಗೆ ಅಲ್ಗಾರಿದಮ್ ಇದೆ ಎಂದುಕೊಳ್ಳೋಣ. ಅದನ್ನು ಬಳಸಿ ಹಾಲ್ಟಿಂಗ್ ಪ್ರಶ್ನೆಯನ್ನು ಬಿಡಿಸುತ್ತೇನೆ. ಅದು ಅಸಾಧ್ಯ. ಆದ್ದರಿಂದ ನನ್ನ ಪ್ರಶ್ನೆಗೂ ಅಲ್ಗಾರಿದಮ್ ಇಲ್ಲ.’ ಕಷ್ಟದ ಪ್ರಶ್ನೆ ಹೊರಡುವ ಊರು, ನಿಮ್ಮ ಪ್ರಶ್ನೆ ತಲುಪುವ ಊರು. ಉತ್ತರಪತ್ರಿಕೆಯ ಮೂಲೆಯಲ್ಲಿ ಬಾಣ ಬರೆದಿಟ್ಟುಕೊಂಡೇ ಶುರುಮಾಡಿ.

‘ಟ್ಯೂರಿಂಗ್ ಯಂತ್ರದ ಭಾಷೆ ಖಾಲಿಯೇ?’ ಎಂಬುದನ್ನು ತೆಗೆದುಕೊಳ್ಳಿ. ಹಾಲ್ಟಿಂಗ್ ಪ್ರಶ್ನೆಯವರು ‘ಯ’ ಎಂಬ ಯಂತ್ರ ಮತ್ತು ಒಂದು ಸ್ಟ್ರಿಂಗ್ ತಂದುಕೊಟ್ಟಿದ್ದಾರೆ. ನೀವು ಹೊಸ ಯಂತ್ರವೊಂದನ್ನು ಹೀಗೆ ಬರೆಯುತ್ತೀರಿ: ‘ನನಗೆ ಏನೇ ಕೊಡಲಿ, ಅದನ್ನು ಅಳಿಸಿಹಾಕುತ್ತೇನೆ. ಟೇಪಿನ ಮೇಲೆ ಆ ಸ್ಟ್ರಿಂಗ್ ಬರೆದು ಯ-ವನ್ನು ಓಡಿಸುತ್ತೇನೆ. ಅದು ನಿಂತರೆ ಒಪ್ಪುತ್ತೇನೆ.’ ಯ ನಿಂತರೆ ಹೊಸ ಯಂತ್ರ ಎಲ್ಲವನ್ನೂ ಒಪ್ಪುತ್ತದೆ. ನಿಲ್ಲದಿದ್ದರೆ ಏನನ್ನೂ ಒಪ್ಪುವುದಿಲ್ಲ. ಗಮನಿಸಿ, ಹೊಸ ಯಂತ್ರವನ್ನು ನೀವು ಬರೆಯುತ್ತೀರಿ ಅಷ್ಟೇ, ಓಡಿಸುವುದಿಲ್ಲ. ಓಡಿಸಿದರೆ ನೀವೂ ಸಿಕ್ಕಿಹಾಕಿಕೊಳ್ಳುತ್ತೀರಿ. ಖಾಲಿತನದ ಅಲ್ಗಾರಿದಮ್ಮಿಗೆ ಆ ಪಠ್ಯವನ್ನು ಒಪ್ಪಿಸಿದರೆ ಯ ನಿಲ್ಲುತ್ತದೆಯೇ ಎಂಬುದು ಗೊತ್ತಾಗಿಬಿಡುತ್ತದೆ.

ಹಂತ 6: ರೈಸ್ ಪ್ರಮೇಯವನ್ನು ಎಲ್ಲೆಂದರಲ್ಲಿ ಬೀಸಬೇಡಿ

1953ರಲ್ಲಿ ಪ್ರಕಟವಾದ ರೈಸ್ ಪ್ರಮೇಯ ಮೇಲಿನ ಕೆಲಸವನ್ನೆಲ್ಲ ಒಂದೇ ಏಟಿಗೆ ಮಾಡುತ್ತದೆ: ಟ್ಯೂರಿಂಗ್ ಯಂತ್ರಗಳು ಒಪ್ಪುವ ಭಾಷೆಗಳಲ್ಲಿ ಕೆಲವಕ್ಕೆ ಇದ್ದು ಕೆಲವಕ್ಕೆ ಇಲ್ಲದ ಯಾವುದೇ ಗುಣವನ್ನು, ಯಂತ್ರವನ್ನು ನೋಡಿ ನಿರ್ಣಯಿಸಲು ಬರುವುದಿಲ್ಲ. ಖಾಲಿಯೇ, ರೆಗ್ಯುಲರ್ ಆಗಿದೆಯೇ, ಪರಿಮಿತವೇ, ಎಲ್ಲವೂ ಹೋದವು. ಆದರೆ ಗುಣ ಭಾಷೆಯದ್ದಾಗಿರಬೇಕು, ಯಂತ್ರದ್ದಲ್ಲ. ಪರೀಕ್ಷೆ ಹೀಗಿದೆ: ಒಂದೇ ಭಾಷೆಯನ್ನು ಒಪ್ಪುವ ಎರಡು ಬೇರೆ ಯಂತ್ರಗಳಿಗೆ ಉತ್ತರ ಬೇರೆಯಾಗಬಹುದೇ? ಆಗಬಹುದಾದರೆ ರೈಸ್ ಪ್ರಮೇಯ ಅಲ್ಲಿಗೆ ಅನ್ವಯಿಸುವುದಿಲ್ಲ.

‘ಯಂತ್ರಕ್ಕೆ ಐದಕ್ಕಿಂತ ಹೆಚ್ಚು ಸ್ಥಿತಿಗಳಿವೆಯೇ?’ ಎಣಿಸಿದರೆ ಆಯಿತು. ‘ಯಾವುದಾದರೂ ಸ್ಟ್ರಿಂಗಿನ ಮೇಲೆ 100ಕ್ಕಿಂತ ಹೆಚ್ಚು ಹೆಜ್ಜೆ ಓಡುತ್ತದೆಯೇ?’ ಇದೂ ನಿರ್ಣೇಯ. 100 ಹೆಜ್ಜೆಗಳಲ್ಲಿ ಯಂತ್ರದ ತಲೆ 101 ಮನೆಗಳಿಗಿಂತ ದೂರ ಹೋಗಲಾರದು, ಆದ್ದರಿಂದ ಅಷ್ಟು ಉದ್ದದವರೆಗಿನ ಸ್ಟ್ರಿಂಗ್‌ಗಳನ್ನು ಓಡಿಸಿ ನೋಡಿದರೆ ಸಾಕು. ನನಗೆ ಬಹಳ ಇಷ್ಟವಾದದ್ದು ಇದು: ಎಡಕ್ಕೆ ಅಥವಾ ಬಲಕ್ಕೆ ಮಾತ್ರ ಚಲಿಸುವ, ನಿಂತಲ್ಲೇ ನಿಲ್ಲದ ಯಂತ್ರ ಈ ಸ್ಟ್ರಿಂಗಿನ ಮೇಲೆ ಎಂದಾದರೂ ಎಡಕ್ಕೆ ತಿರುಗುತ್ತದೆಯೇ? ಮೊದಲ ಬಾರಿ ತಿರುಗುವವರೆಗೆ ಅದು ಬಲಕ್ಕೇ ಹೋಗುತ್ತಿರುತ್ತದೆ. ಸ್ಟ್ರಿಂಗ್ ಮುಗಿದ ಮೇಲೆ ಎದುರಿಗೆ ಬರುವುದು ಬರೀ ಖಾಲಿ ಮನೆಗಳು. ಸ್ಥಿತಿಗಳ ಸಂಖ್ಯೆಗಿಂತ ಒಂದು ಹೆಚ್ಚು ಹೆಜ್ಜೆ ಅಲ್ಲಿ ನಡೆದರೂ ತಿರುಗದಿದ್ದರೆ ಸ್ಥಿತಿಯೊಂದು ಮರುಕಳಿಸಿದೆ ಎಂದರ್ಥ, ಇನ್ನೆಂದೂ ತಿರುಗುವುದಿಲ್ಲ. ನೋಡಲು ಭಯಂಕರ, ಬಿಡಿಸಲು ಸುಲಭ.

ರೈಸ್ ಪ್ರಮೇಯ ಟ್ಯೂರಿಂಗ್ ಯಂತ್ರಗಳಿಗೆ ಮಾತ್ರ ಎಂಬುದನ್ನೂ ಮರೆಯಬೇಡಿ. ಸಂದರ್ಭಮುಕ್ತ ವ್ಯಾಕರಣಕ್ಕೆ ಅದನ್ನು ಹಚ್ಚಿದರೆ ಖಾಲಿತನವೂ ಅನಿರ್ಣೇಯ ಎಂದಾಗಿಬಿಡುತ್ತದೆ. ಅದು ತಪ್ಪು ಎಂಬುದನ್ನು ಗುರುತು ಹಾಕಿ ಈಗಷ್ಟೇ ನೋಡಿದೆವು.

ಹಂತ 7: ನಡುವಿನ ಮೆಟ್ಟಿಲಿಗೆ ಪೋಸ್ಟ್ ಪ್ರಶ್ನೆ

ಹಾಗಾದರೆ ವ್ಯಾಕರಣಗಳಿಗೆ ಯಾವ ಆಯುಧ? ಎಮಿಲ್ ಪೋಸ್ಟ್ 1946ರಲ್ಲಿ ಕೊಟ್ಟ ಹೊಂದಾಣಿಕೆ ಪ್ರಶ್ನೆ. ಮೇಲೊಂದು ಕೆಳಗೊಂದು ಸ್ಟ್ರಿಂಗ್ ಬರೆದ ಬಿಲ್ಲೆಗಳಿವೆ, ಒಂದೊಂದನ್ನೂ ಎಷ್ಟು ಬಾರಿಯಾದರೂ ಬಳಸಬಹುದು. ಮೇಲಿನ ಸಾಲೂ ಕೆಳಗಿನ ಸಾಲೂ ಒಂದೇ ಆಗುವಂತೆ ಜೋಡಿಸಲು ಸಾಧ್ಯವೇ? ಮೂರು ಬಿಲ್ಲೆಗಳು:

ಕ: ಮೇಲೆ 0, ಕೆಳಗೆ 100
ಖ: ಮೇಲೆ 01, ಕೆಳಗೆ 00
ಗ: ಮೇಲೆ 110, ಕೆಳಗೆ 11

ಗ, ಖ, ಗ, ಕ ಎಂದು ಜೋಡಿಸಿ. ಮೇಲೆ 110 01 110 0, ಕೆಳಗೆ 11 00 11 100. ಎರಡೂ 110011100. ಇಲ್ಲಿ ಹೊಂದಿತು, ಆದರೆ ಯಾವುದೇ ಬಿಲ್ಲೆಗಳ ಗುಂಪು ಕೊಟ್ಟಾಗ ಹೊಂದುತ್ತದೆಯೇ ಎಂದು ಹೇಳುವ ಅಲ್ಗಾರಿದಮ್ ಇಲ್ಲ, ಏಕೆಂದರೆ ಟ್ಯೂರಿಂಗ್ ಯಂತ್ರದ ಓಟವನ್ನೇ ಬಿಲ್ಲೆಗಳಲ್ಲಿ ಅಡಗಿಸಿಡಬಹುದು.

ಬಿಲ್ಲೆಗಳನ್ನು ವ್ಯಾಕರಣ ಮಾಡುವುದು ಎಷ್ಟು ಸರಳ ನೋಡಿ. ಮೇಲಿನ ಸಾಲಿಗೆ ಮ → 0 ಮ ಕ, ಮ → 01 ಮ ಖ, ಮ → 110 ಮ ಗ. ಜೊತೆಗೆ ನಡುವಿನ ‘ಮ’ ಇಲ್ಲದ ಇವೇ ಮೂರು ನಿಯಮಗಳು. ಕೆಳಗಿನ ಸಾಲಿಗೆ ಇದೇ ಮಾದರಿಯಲ್ಲಿ ನ → 100 ನ ಕ ಎಂದು ಆರಂಭವಾಗುವ ಆರು ನಿಯಮಗಳು. ನಮ್ಮ ಜೋಡಣೆ ಎರಡರಲ್ಲೂ 110011100ಕಗಖಗ ಎಂಬ ಸ್ಟ್ರಿಂಗ್ ಆಗಿ ಹುಟ್ಟುತ್ತದೆ. ಬಿಲ್ಲೆಗಳ ಹೆಸರು ಹಿಮ್ಮುಖವಾಗಿ ಬಾಲದಲ್ಲಿ ಸೇರಿಕೊಂಡಿದೆ. ಎರಡು ವ್ಯಾಕರಣಗಳಿಗೂ ಸಾಮಾನ್ಯವಾದ ಸ್ಟ್ರಿಂಗ್ ಇದೆ ಎಂದರೆ ಬಿಲ್ಲೆಗಳು ಹೊಂದುತ್ತವೆ ಎಂದೇ ಅರ್ಥ.

ಇಲ್ಲಿಂದ ಮೂರು ಫಲಗಳು ಸಾಲಾಗಿ ಉದುರುತ್ತವೆ. ಒಂದು, ಎರಡು ಸಂದರ್ಭಮುಕ್ತ ಭಾಷೆಗಳ ಛೇದನ ಖಾಲಿಯೇ ಎಂಬುದು ಅನಿರ್ಣೇಯ. ಎರಡು, ಸ → ಮ, ಸ → ನ ಎಂದು ಸೇರಿಸಿದ ವ್ಯಾಕರಣದಲ್ಲಿ ಒಂದೇ ಸ್ಟ್ರಿಂಗ್ ಎರಡು ದಾರಿಯಲ್ಲಿ ಹುಟ್ಟುವುದು ಹೊಂದಾಣಿಕೆ ಇದ್ದಾಗ ಮಾತ್ರ. ಆದ್ದರಿಂದ ವ್ಯಾಕರಣ ದ್ವಂದ್ವಾರ್ಥದ್ದೇ ಎಂಬುದೂ ಅನಿರ್ಣೇಯ. ಮೂರನೆಯದಕ್ಕೆ ಒಂದು ತಿರುವು ಬೇಕು. ಈ ಎರಡೂ ಭಾಷೆಗಳನ್ನು ಡಿಟರ್ಮಿನಿಸ್ಟಿಕ್ ಪಿಡಿಎ, ಅಂದರೆ ಪ್ರತಿ ಹೆಜ್ಜೆಯಲ್ಲೂ ಒಂದೇ ದಾರಿಯಿರುವ ಸ್ಟ್ಯಾಕ್ ಯಂತ್ರ, ಓದಬಲ್ಲದು: ಅಂಕೆಗಳನ್ನು ಸ್ಟ್ಯಾಕ್‌ಗೆ ತಳ್ಳುತ್ತ ಹೋಗಿ, ಬಾಲದ ಅಕ್ಷರ ಬಂದಾಗ ಆ ಬಿಲ್ಲೆಯ ಅಂಕೆಗಳನ್ನು ತೆಗೆಯುವುದು. ಹಾಗಾಗಿ ಅವುಗಳ ಪೂರಕಗಳೂ ಸಂದರ್ಭಮುಕ್ತ, ಪೂರಕಗಳ ಸಂಯೋಗವೂ ಸಂದರ್ಭಮುಕ್ತ. ಆ ಸಂಯೋಗದಲ್ಲಿ ಎಲ್ಲ ಸ್ಟ್ರಿಂಗ್‌ಗಳೂ ಇರುವುದು ಹೊಂದಾಣಿಕೆ ಇಲ್ಲದಿದ್ದಾಗ ಮಾತ್ರ. ಆದ್ದರಿಂದ ‘ಎಲ್ಲ ಸ್ಟ್ರಿಂಗ್‌ಗಳೂ ಇವೆಯೇ?’ ಎಂಬುದೂ ಅನಿರ್ಣೇಯ, ಅದರ ಬೆನ್ನಿಗೇ ಎರಡು ವ್ಯಾಕರಣಗಳ ಸಮತೆಯೂ. ಎರಡು ಡಿಟರ್ಮಿನಿಸ್ಟಿಕ್ ಪಿಡಿಎಗಳ ಸಮತೆ ಮಾತ್ರ ಇದಕ್ಕೆ ಸಿಕ್ಕಲಿಲ್ಲ. ದಶಕಗಳ ಕಾಲ ತೆರೆದೇ ಉಳಿದಿದ್ದ ಆ ಪ್ರಶ್ನೆ ನಿರ್ಣೇಯ ಎಂದು ಸೆನಿಜೆರ್ಗ್ 1997ರಲ್ಲಿ ತೋರಿಸಿದರು. 2002ರಲ್ಲಿ ಅದಕ್ಕೆ ಗೋಡೆಲ್ ಪ್ರಶಸ್ತಿ ಬಂತು.

ಕೈಪಳಗಿಸಿಕೊಳ್ಳಲು ಒಂದು ಲೆಕ್ಕ

ಕೊಟ್ಟದ್ದು: ಒಂದು ಸಂದರ್ಭಮುಕ್ತ ವ್ಯಾಕರಣ, ಒಂದು ಡಿಎಫ್‌ಎ. ಕೇಳಿದ್ದು: ವ್ಯಾಕರಣದ ಭಾಷೆ ಡಿಎಫ್‌ಎಯ ಭಾಷೆಯೊಳಗೆ ಪೂರ್ತಿಯಾಗಿ ಅಡಗಿದೆಯೇ? ಡಿಎಫ್‌ಎಯ ಪೂರಕ ಮಾಡಿ. ಒಪ್ಪುವ ಸ್ಥಿತಿಗಳನ್ನೂ ತಿರಸ್ಕರಿಸುವವನ್ನೂ ಅದಲುಬದಲು ಮಾಡಿದರೆ ಮುಗಿಯಿತು. ಅದನ್ನು ವ್ಯಾಕರಣದ ಭಾಷೆಯೊಂದಿಗೆ ಛೇದಿಸಿ. ಸಂದರ್ಭಮುಕ್ತವೂ ರೆಗ್ಯುಲರೂ ಛೇದಿಸಿದರೆ ಸಂದರ್ಭಮುಕ್ತವೇ ಸಿಗುತ್ತದೆ. ಗುರುತು ಹಾಕಿ ಖಾಲಿಯೇ ಎಂದು ನೋಡಿ. ಖಾಲಿಯಾದರೆ ಅಡಗಿದೆ. ನಿರ್ಣೇಯ.

ಈಗ ಅದೇ ಪ್ರಶ್ನೆಯನ್ನು ತಿರುಗಿಸಿ: ಡಿಎಫ್‌ಎಯ ಭಾಷೆ ವ್ಯಾಕರಣದ ಭಾಷೆಯೊಳಗೆ ಅಡಗಿದೆಯೇ? ಹಿಂದಿನ ದಾರಿ ಹಿಡಿದರೆ ವ್ಯಾಕರಣದ ಪೂರಕ ಬೇಕಾಗುತ್ತದೆ, ಅದು ಸಂದರ್ಭಮುಕ್ತವಾಗಿರಬೇಕೆಂದಿಲ್ಲ. ಇಲ್ಲೇ ಮೂಗಿಗೆ ವಾಸನೆ ಬಡಿಯಬೇಕು. ಎಲ್ಲ ಸ್ಟ್ರಿಂಗ್‌ಗಳನ್ನೂ ಒಪ್ಪುವ ಒಂದೇ ಸ್ಥಿತಿಯ ಡಿಎಫ್‌ಎಯನ್ನು ಆ ಜಾಗದಲ್ಲಿ ಇಡಿ. ಪ್ರಶ್ನೆ ‘ವ್ಯಾಕರಣದಲ್ಲಿ ಎಲ್ಲ ಸ್ಟ್ರಿಂಗ್‌ಗಳೂ ಇವೆಯೇ?’ ಎಂದಾಗುತ್ತದೆ, ಅದಕ್ಕೆ ಅಲ್ಗಾರಿದಮ್ ಇಲ್ಲ ಎಂದು ಬಿಲ್ಲೆಗಳು ಈಗಾಗಲೇ ಹೇಳಿವೆ.